‘ಸಂರಕ್ಷಿಸು’ ಎಂಬುದಕ್ಕೆ ಇಂಗ್ಲಿಷಿನ ಮೂರು ಕ್ರಿಯಾಪದಗಳು

ಪ್ರಿಸರ್ವ್, ಕನ್ಸರ್ವ್, ಪ್ರೊಟೆಕ್ಟ್ – ಈ ಮೂರು ಇಂಗ್ಲಿಷ್ ಕ್ರಿಯಾಪದಗಳಿಗೂ ಕನ್ನಡದಲ್ಲಿ ಹೆಚ್ಚಾಗಿ ‘ಸಂರಕ್ಷಿಸು’ ಎಂಬ ಒಂದೇ ಪದ ಬಳಕೆಯಾಗುತ್ತದೆ. ಭಾಷಾ ಅಲ್ಪಸಂಖ್ಯಾತರ ಮನವಿಗಳು ಇಂಗ್ಲಿಷಿಗೆ ಅನುವಾದವಾಗುವಾಗ ಇದು ತೊಡಕಾಗುತ್ತದೆ. ಏಕೆಂದರೆ ಭಾರತದ ಸಂವಿಧಾನವು ಈ ಮೂರನ್ನೂ ಬೇರೆ ಬೇರೆ ಸಂದರ್ಭಗಳಲ್ಲಿ ಬಳಸಿದೆ.

ಪ್ರಿಸರ್ವ್ ಎಂದರೆ ಕೆಡದಂತೆ, ಇದ್ದ ಸ್ಥಿತಿಯಲ್ಲೇ ಇರಿಸುವುದು. ಉಪ್ಪು ಹಾಕಿದ ಮೀನು, ಭಂಡಾರದ ಓಲೆಗರಿ ಇದಕ್ಕೆ ನಿದರ್ಶನ. ಕನ್ಸರ್ವ್ ಎಂದರೆ ಬಳಸುತ್ತಲೇ ಮುಗಿದುಹೋಗದಂತೆ ನೋಡಿಕೊಳ್ಳುವುದು. ನೀರು, ವಿದ್ಯುತ್ತು ಇದರ ಸಹಜ ಕರ್ಮಗಳು. ಪ್ರೊಟೆಕ್ಟ್ ಅಪಾಯವೊಂದನ್ನು ಸೂಚಿಸುವುದರಿಂದ ‘ಯಾವುದರಿಂದ’ ಎಂಬ ಪ್ರಶ್ನೆಯನ್ನು ಎಬ್ಬಿಸುತ್ತದೆ. ಈ ಗೆರೆಗಳು ಎಲ್ಲೆಡೆಯೂ ಕಟ್ಟುನಿಟ್ಟಲ್ಲವಾದರೂ ಪ್ರತಿಯೊಂದರ ಒಲವು ಸ್ಪಷ್ಟವಾಗಿದೆ.

ಸಂವಿಧಾನದ 49ನೆಯ ವಿಧಿಯು ಸ್ಮಾರಕಗಳನ್ನು ವಿರೂಪ, ನಾಶ ಮೊದಲಾದವುಗಳಿಂದ ‘ಪ್ರೊಟೆಕ್ಟ್’ ಮಾಡುವ ಹೊಣೆಯನ್ನು ಪ್ರಭುತ್ವಕ್ಕೆ ವಹಿಸುತ್ತದೆ. 1976ರ 42ನೆಯ ತಿದ್ದುಪಡಿಯಿಂದ ಸೇರಿದ 51ಎ ವಿಧಿಯಲ್ಲಿ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ‘ಪ್ರಿಸರ್ವ್’ ಮಾಡುವುದು ನಾಗರಿಕರ ಕರ್ತವ್ಯ. 29ನೆಯ ವಿಧಿಯ ಶೀರ್ಷಿಕೆಯಲ್ಲಿ ‘ಪ್ರೊಟೆಕ್ಷನ್’ ಎಂದಿದ್ದರೂ ಅದರ ಮೊದಲ ಖಂಡದಲ್ಲಿರುವುದು ‘ಕನ್ಸರ್ವ್’. ತಮ್ಮದೇ ಆದ ಭಾಷೆ, ಲಿಪಿ ಅಥವಾ ಸಂಸ್ಕೃತಿಯುಳ್ಳ ನಾಗರಿಕರಿಗೆ ಅದು ಹಕ್ಕು. ಆ ಕ್ರಿಯೆಯ ಕರ್ತೃ ನುಡಿಯಾಡುವ ಸಮುದಾಯವೇ ಹೊರತು ಸರ್ಕಾರವಲ್ಲ.

ಈ ಅರ್ಥವನ್ನು ಹಿಡಿಯಲು ಕನ್ನಡಕ್ಕೆ ‘ಕೊಳ್ಳು’ ಎಂಬ ಸಹಾಯಕ ಕ್ರಿಯೆಯಿದೆ. ‘ಉಳಿಸು’ ಎಂಬ ಕ್ರಿಯೆಯನ್ನು ಯಾರು ಯಾರಿಗಾಗಿಯೂ ಮಾಡಬಹುದು. ‘ಉಳಿಸಿಕೊಳ್ಳು’ ಎಂದಾಗ ಮಾಡುವವರೂ ಫಲ ಪಡೆಯುವವರೂ ಒಬ್ಬರೇ. ಆದ್ದರಿಂದ ಪ್ರಿಸರ್ವ್‌ಗೆ ‘ಕಾಪಿಡು’, ಪ್ರೊಟೆಕ್ಟ್‌ಗೆ ‘ರಕ್ಷಿಸು’, 29ನೆಯ ವಿಧಿಯ ಕನ್ಸರ್ವ್‌ಗೆ ‘ಉಳಿಸಿಕೊಳ್ಳು’ ಎಂಬ ಪದಗಳನ್ನಿರಿಸಿದರೆ ಭೇದ ಉಳಿಯುತ್ತದೆ.

ಕಾಸರಗೋಡಿನ ಅಥವಾ ಅಕ್ಕಲಕೋಟೆಯ ಕನ್ನಡ ಶಾಲೆಯ ಪರವಾಗಿ ಬರೆಯುವ ಇಂಗ್ಲಿಷ್ ಮನವಿಯಲ್ಲಿ ‘ಪ್ರಿಸರ್ವ್’ ಎಂದರೆ ಆಡುನುಡಿಯು ಭಂಡಾರದ ವಸ್ತುವಿನಂತೆ ತೋರೀತು. ‘ಪ್ರೊಟೆಕ್ಟ್’ ಎಂದರೆ ಅಪಾಯವನ್ನೂ ಹೆಸರಿಸಬೇಕಾಗುತ್ತದೆ. ‘ಕನ್ಸರ್ವ್’ ಎಂದರೆ ಮನವಿಯು ನೇರವಾಗಿ ಹಕ್ಕಿನ ನೆಲೆಯಲ್ಲಿ ನಿಲ್ಲುತ್ತದೆ. ಆ ಹಕ್ಕಿನಲ್ಲಿ ಭಾಷೆಯ ರಕ್ಷಣೆಗಾಗಿ ಚಳವಳಿ ನಡೆಸುವ ಹಕ್ಕೂ ಅಡಕವಾಗಿದೆ ಎಂದು ಸರ್ವೋಚ್ಚ ನ್ಯಾಯಾಲಯವು ಜಗದೇವ್ ಸಿಂಗ್ ಸಿದ್ಧಾಂತಿ ಪ್ರಕರಣದಲ್ಲಿ 1964ರಲ್ಲಿ ಹೇಳಿದೆ. ಆದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯವನ್ನೇ ಕೇಳುವಾಗ ಈ ಮೂರೂ ಸಾಲವು. 350ಎ ವಿಧಿಯಲ್ಲಿ ಅದಕ್ಕಿರುವ ಕ್ರಿಯಾಪದ ‘ಪ್ರೊವೈಡ್’, ಅಂದರೆ ‘ಒದಗಿಸು’.