ರಾತ್ರಿ ಪಾಳಿಯ ಎರಡು ಹಕ್ಕಿಗಳು

ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುವಾಗ, ರಸ್ತೆಯ ನಡುವೆ ಕೆಂಪು ಕಿಡಿಯೊಂದು ಹೊಳೆದು, ಬಸ್ಸು ಸಮೀಪಿಸುತ್ತಲೇ ಸದ್ದಿಲ್ಲದೆ ಹಾರಿಹೋದುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅದು ದೆವ್ವವಲ್ಲ, ನತ್ತಿಂಗ ಹಕ್ಕಿಯ ಕಣ್ಣು. ಇದನ್ನು ಗೂಬೆಯೆಂದು ತಿಳಿಯುವವರುಂಟು. ಆದರೆ ಗೂಬೆಯ ಬಲವಾದ ಉಗುರು ಇದಕ್ಕಿಲ್ಲ. ಕಾಲು ಗಿಡ್ಡ, ಕೊಕ್ಕು ಚಿಕ್ಕದು, ಬಾಯಿ ಮಾತ್ರ ಬಹಳ ಅಗಲ. ಅದನ್ನು ತೆರೆದು ಹಾರುತ್ತಲೇ ಪತಂಗ, ಜೀರುಂಡೆಗಳನ್ನು ಹಿಡಿಯುತ್ತದೆ.

ನಮ್ಮ ನಾಡಿನ ಎರಡು ಬಗೆಗಳನ್ನು ಇಲ್ಲಿ ಹೋಲಿಸೋಣ. ಬಯಲಿನ ನತ್ತಿಂಗ ಸುಮಾರು 24 ಸೆಂಟಿಮೀಟರ್ ಉದ್ದ. ಹೊಲ, ಕುರುಚಲು, ಕಲ್ಲುಭೂಮಿ ಅದರ ನೆಲೆ. ಕಾಡಿನ ನತ್ತಿಂಗ ಸುಮಾರು 29 ಸೆಂಟಿಮೀಟರ್. ಮರಗಳಿರುವ ಬೆಟ್ಟಗಳಲ್ಲಿ ಅದರ ವಾಸ. ಕತ್ತಲಲ್ಲಿ ಕಣ್ಣಿಗೆ ಈ ಭೇದ ತಿಳಿಯದು, ಕಿವಿಗೆ ತಿಳಿಯುತ್ತದೆ. ಬಯಲಿನದು ‘ಚಕ್-ಚಕ್-ಚಕ್-ರ್‌ರ್‌ರ್’ ಎನ್ನುತ್ತದೆ. ಕಲ್ಲುಹಾಸಿನ ಮೇಲೆ ಬಿದ್ದ ಗೋಲಿ ಪುಟಿದು ಪುಟಿದು ನಿಂತ ಹಾಗೆ. ಕಾಡಿನದು ‘ಚಕ್ಕೂ, ಚಕ್ಕೂ’ ಎಂದು ಒಂದೇ ಸಮನೆ ಕೂಗುತ್ತದೆ.

ಎರಡೂ ಗೂಡು ಕಟ್ಟುವುದಿಲ್ಲ. ಬರಿನೆಲದ ಮೇಲೆ ಸಾಮಾನ್ಯವಾಗಿ ಎರಡು ಮೊಟ್ಟೆ. ಒಣಗಿದ ಎಲೆಯ ಬಣ್ಣದ ಮೈಯೇ ಅವಕ್ಕೆ ಕಾವಲು. ಆದುದರಿಂದಲೇ ಕುರುಚಲಿಗೆ ಬೆಂಕಿಯಿಟ್ಟರೆ ಮೊಟ್ಟೆಮರಿಗಳು ಸುಟ್ಟುಹೋಗುತ್ತವೆ. ರಸ್ತೆಯಲ್ಲಿ ಕುಳಿತವು ಗಾಡಿಗೆ ಸಿಕ್ಕು ಸಾಯುತ್ತವೆ.

ಯುರೋಪಿನಲ್ಲಿ ಹಿಂದೆ ಇದು ಮೇಕೆಯ ಹಾಲು ಕುಡಿಯುತ್ತದೆಂದು ನಂಬಿದ್ದರು; ‘ಕ್ಯಾಪ್ರಿಮಲ್ಗಸ್’ ಎಂಬ ಶಾಸ್ತ್ರೀಯ ಹೆಸರಿನ ಅರ್ಥವೂ ಅದೇ. ಬಡ ಹಕ್ಕಿಯ ಮೇಲೆ ಸುಳ್ಳು ಆರೋಪ! ಇರುಳ ಕೂಗು ಅಪಶಕುನವೆಂದು ಊರಿನಲ್ಲಿ ಯಾರಾದರೂ ಕಲ್ಲೆತ್ತಿದರೆ ದಯವಿಟ್ಟು ತಡೆಯಿರಿ. ನಮ್ಮಂತೆಯೇ ರಾತ್ರಿ ಪಾಳಿ ದುಡಿದು ಹೊಟ್ಟೆ ಹೊರೆಯುವ ಜೀವ ಅದು.