ದನಿ ಇಳಿದರೆ ಕ್ಲಾಸು ಸುಮ್ಮನಾಗುವುದೇಕೆ?

ಪ್ರಶ್ನೆ: ಮಾಸ್ತರು ಕೂಗಿದರೂ ಕೇಳದ ಮಕ್ಕಳು, ದನಿ ಇಳಿಸಿದೊಡನೆ ಕಿವಿಗೊಡುವುದೇಕೆ? (ಓದುಗರು, ಬೈಲಹೊಂಗಲ)

ಉತ್ತರ: ಏರಿಳಿತವಿಲ್ಲದ ಸದ್ದಿಗೆ ಕಿವಿ ಬಲುಬೇಗ ಒಗ್ಗಿಹೋಗುತ್ತದೆ. ಫ್ಯಾನು ಗುಂಯ್‌ಗುಡುತ್ತಿತ್ತೆಂದು ತಿಳಿಯುವುದೇ ಕರೆಂಟು ಹೋದಾಗ! ಒಂದೇ ಶ್ರುತಿಯ ಪಾಠಕ್ಕೂ ಅದೇ ಗತಿ.

ಕೂಗಾಟದಲ್ಲಿ ಇನ್ನೊಂದು ತೊಡಕಿದೆ. ಸುತ್ತ ಗದ್ದಲವಿದ್ದರೆ ಮನುಷ್ಯ ತನಗರಿವಿಲ್ಲದೆಯೇ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎಟಿಯನ್ ಲೊಂಬಾರ್ 1911ರಲ್ಲಿ ಇದನ್ನು ವಿವರಿಸಿದ. ಮಾಸ್ತರು ಏರಿಸಿದರೆ ಮಕ್ಕಳೂ ಏರಿಸುತ್ತಾರೆ. ಸಂಜೆಗೆ ಸೋಲುವುದು ಮಾಸ್ತರ ಗಂಟಲು.

ನಿಮ್ಮ ಬೈಲಹೊಂಗಲ, ಸಂಪಗಾಂವ ಸೀಮೆಗೆ ದನಿ ಏರಿಳಿಸುವ ವಿದ್ಯೆ ಹಳೆಯದು. ಗೀಗೀ ಮೇಳದ ಮುಂದಾಳು ಡಪ್ಪಿನ ಪೆಟ್ಟಿಗೆ ಕಥೆಯನ್ನು ಏರಿಸುತ್ತ ಹೋಗಿ ಗಕ್ಕನೆ ನಿಲ್ಲಿಸುತ್ತಾನೆ. ಆ ಖಾಲಿ ಜಾಗಕ್ಕೆ ಹಿಮ್ಮೇಳದ ‘ಗೀ ಗೀ’ ನುಗ್ಗುತ್ತದೆ. ನಾಟಕಕ್ಕೂ ಇದೇ ವಿದ್ಯೆ ಬೇಕು. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ರಂಗನಟ ಏಣಗಿ ಬಾಳಪ್ಪನವರು ಎಳೆತನದಲ್ಲಿ ಹೆಣ್ಣುಪಾತ್ರ ಮಾಡಿದವರು, ಮುಂದೆ ಬಸವಣ್ಣನಾಗಿ ಹೆಸರಾದವರು. ಆ ಎರಡು ಪಾತ್ರಗಳ ನಡುವಿನ ದಾರಿಯೆಲ್ಲ ದನಿಯದೇ ಅಲ್ಲವೇ?

ಇನ್ನು ಕ್ಲಾಸಿಗೆ ಬಂದರೆ, ಬ್ರಿಟಿಷರೊಡನೆ ನಡೆದ ಕಿತ್ತೂರು ಯುದ್ಧದ ಪಾಠವನ್ನೇ ನೋಡಿ. ‘1824ರ ಅಕ್ಟೋಬರ್ 23’ ಎಂದು ನಿಧಾನವಾಗಿ ಹೇಳಿ, ಒಂದು ಉಸಿರಿನಷ್ಟು ಹೊತ್ತು ತಡೆಯಬೇಕು. ಕೋಟೆಯ ಬಾಗಿಲು ತೆರೆದದ್ದು, ಕಿತ್ತೂರಿನ ಸೈನ್ಯ ನುಗ್ಗಿದ್ದು ಬಿರುಸಾಗಿ ಓಡಲಿ. ಬ್ರಿಟಿಷ್ ಕಲೆಕ್ಟರನ ಸಾವನ್ನು, ‘ಥ್ಯಾಕರೆ ಬಿದ್ದ’ ಎಂಬುದನ್ನು, ದನಿ ತಗ್ಗಿಸಿ ಹೇಳಿದರೆ ಹಿಂದಿನ ಬೆಂಚೂ ಮುಂದಕ್ಕೆ ಬಾಗುತ್ತದೆ. ತಗ್ಗಿಸುವುದೆಂದರೆ ಪಿಸುಗುಟ್ಟುವುದಲ್ಲ, ಬಲವಂತದ ಪಿಸುಮಾತೂ ಗಂಟಲಿಗೆ ಭಾರವೇ. ಇನ್ನು ಪ್ರತಿ ಸಾಲಿನ ಕೊನೆಗೂ ಒಂದೇ ರಾಗ ಎಳೆಯುವವರಿದ್ದಾರೆ. ಅದು ಮತ್ತೆ ಫ್ಯಾನಿನ ಸದ್ದೇ.