ಆರು ಗೇಮ್ ಮುಗಿಸಿದೆ, ಯಾವುದು ಮನಸ್ಸಲ್ಲಿ ಉಳೀತು?

ಗೇಮ್‌ಗಳ ವಿಮರ್ಶೆ ಬಿಡುಗಡೆಯ ವಾರವೇ ಬಂದುಬಿಡುತ್ತೆ. ಆದರೆ ಕೆಲಸಕ್ಕೆ ಹೋಗೋ ನಮ್ಮಂಥವರು ಅದೇ ಗೇಮನ್ನು ಕೊಳ್ಳೋದು ಸೇಲ್ ಬಂದಾಗ, ಮುಗಿಸೋದು ಮುಂದಿನ ವರ್ಷ. ಸ್ಟ್ಯಾಂಡಪ್, ಡಿಪ್ಲಾಯ್‌ಮೆಂಟ್, ರಿಂಗ್ ರೋಡ್ ಟ್ರಾಫಿಕ್ ಎಲ್ಲ ಕಳೆದು ವಾರಕ್ಕೆ ನನಗೆ ಆಟಕ್ಕೆ ಸಿಗೋದು ಹೆಚ್ಚೆಂದರೆ ಆರು ಗಂಟೆ. ಅಂದರೆ 60 ಗಂಟೆಯ ಒಂದು ಗೇಮ್‌ಗೆ ಹತ್ತು ವಾರ. ಎರಡೂವರೆ ತಿಂಗಳ ರಾತ್ರಿಗಳು!

ಇಂಜಿನಿಯರಿಂಗ್ ಓದುವಾಗ ‘ಕೊಟ್ಟ ದುಡ್ಡಿಗೆ ಎಷ್ಟು ಗಂಟೆ ಆಡಬಹುದು’ ಅಂತ ಕೇಳ್ತಿದ್ವಿ. ಮೂವತ್ತರ ಹತ್ತಿರ ಬಂದ ಮೇಲೆ ಪ್ರಶ್ನೆ ತಿರುಗಿ ನಿಂತಿದೆ: ಇಷ್ಟು ಗಂಟೆ ಕೊಟ್ಟಿದ್ದಕ್ಕೆ ನನಗೇನು ಸಿಕ್ತು? ಕೊನೆಯ ತನಕ ಆಡಿದ ಆರು ಗೇಮ್‌ಗಳನ್ನು ಈ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೀನಿ. ಉದ್ದದ್ದು ಮೊದಲು, ಗಿಡ್ಡದ್ದು ಕೊನೆಗೆ. ಕ್ಲೈಮ್ಯಾಕ್ಸ್ ಎಲ್ಲೂ ಹೇಳಲ್ಲ, ಧೈರ್ಯವಾಗಿ ಓದಿ.

ಅಸಾಸಿನ್ಸ್ ಕ್ರೀಡ್ ವಲ್ಹಾಲಾ (2020)

ಒಂಬತ್ತನೇ ಶತಮಾನ. ನಾರ್ವೆಯಿಂದ ಇಂಗ್ಲೆಂಡಿಗೆ ಬರುವ ವೈಕಿಂಗ್ ಯೋಧ ಐವೋರ್‌ನ ಕಥೆ. ಮೊದಲ ಹತ್ತು ಗಂಟೆ ಕಣ್ಣಿಗೆ ಹಬ್ಬ. ಮಂಜಿನ ಬೆಟ್ಟ, ನದಿಯಲ್ಲಿ ಉದ್ದ ದೋಣಿ, ಹಾಡುವ ಸಂಗಡಿಗರು. ಆಮೇಲೆ ಶುರುವಾಗುತ್ತೆ ನಮ್ಮ ಸಂಜೆ ಏಳರ ಧಾರಾವಾಹಿ. ಹೊಸ ಪ್ರಾಂತ್ಯಕ್ಕೆ ಹೋಗು, ಅಲ್ಲಿನ ನಾಯಕನ ಜಗಳ ಬಗೆಹರಿಸು, ಕೋಟೆಗೆ ನುಗ್ಗು, ಮೈತ್ರಿ ಮಾಡಿಕೋ, ಹಳ್ಳಿಗೆ ವಾಪಸ್ ಬಂದು ವರದಿ ಒಪ್ಪಿಸು. ಮತ್ತೆ ಮುಂದಿನ ಪ್ರಾಂತ್ಯ.

ತುಂಬಾ ಇಷ್ಟವಾಗಿದ್ದು ‘ಫ್ಲೈಟಿಂಗ್’. ಇಬ್ಬರು ಎದುರುಬದುರು ನಿಂತು ಪ್ರಾಸಬದ್ಧವಾಗಿ ಒಬ್ಬರನ್ನೊಬ್ಬರು ಹೀಯಾಳಿಸುವ ಪಂದ್ಯ. ನಮ್ಮ ಕಡೆಯ ಹರದೇಶಿ-ನಾಗೇಶಿ ಸವಾಲು-ಜವಾಬು ಕೇಳಿದವರಿಗೆ ಇದರ ಮಜಾ ತಕ್ಷಣ ಗೊತ್ತಾಗುತ್ತೆ. ಆದರೆ ನನಗೆ ಹಿಡಿದ 70 ಗಂಟೆಯಲ್ಲಿ ಇಂಥ ಖುಷಿಯ ಪಾಲು ಬಹಳ ಚಿಕ್ಕದು. ಇದೇ ಕಥೆ 25 ಗಂಟೆಯಲ್ಲಿ ಮುಗಿದಿದ್ದರೆ ಎಲ್ಲರಿಗೂ ‘ಆಡಿ’ ಅಂತಿದ್ದೆ. ಈಗ ಹೇಳೋದಿಷ್ಟೇ: ಬೇಜಾರಾದ ದಿನವೇ ನಿಲ್ಲಿಸಿ, ಏನೂ ತಪ್ಪಿಸಿಕೊಳ್ಳಲ್ಲ.

ರೆಡ್ ಡೆಡ್ ರಿಡೆಂಪ್ಶನ್ 2 (2018)

ಇದೂ ಉದ್ದವೇ. ಮುಖ್ಯ ಕಥೆಗೇ 50 ಗಂಟೆ ಬೇಕು. ಆದರೆ ಇಲ್ಲಿ ಉದ್ದಕ್ಕೊಂದು ಕಾರಣ ಇದೆ. 1899ರ ಅಮೆರಿಕ. ಡಕಾಯಿತರ ಕಾಲ ಮುಗೀತಾ ಬಂದಿದೆ, ಡಚ್ ಅನ್ನೋ ನಾಯಕನ ಗುಂಪು ಓಡ್ತಾನೇ ಇದೆ. ನಾವು ಆಡೋದು ಅವನ ಬಲಗೈ ಬಂಟ ಆರ್ಥರ್ ಮಾರ್ಗನ್ ಆಗಿ. ಡಚ್ ಪ್ರತಿ ಸಲ ‘ನನ್ನ ಹತ್ತಿರ ಪ್ಲಾನ್ ಇದೆ, ನಂಬಿ’ ಅಂತಾನೆ. ಮೊದಮೊದಲು ಆರ್ಥರ್ ನಂಬ್ತಾನೆ, ನಾವೂ ನಂಬ್ತೀವಿ. ಆ ನಂಬಿಕೆ ಎಲ್ಲಿ ಬಿರುಕು ಬಿಡುತ್ತೆ ಅಂತ ಒಂದು ಜಾಗ ತೋರಿಸೋಕಾಗಲ್ಲ. ಶಿಬಿರದ ಬೆಂಕಿ ಸುತ್ತ ಕೂತು, ಕುದುರೆ ಮೈ ಉಜ್ಜಿ, ಆರ್ಥರ್‌ನ ದಿನಚರಿ ಪುಸ್ತಕದ ಚಿತ್ರ ನೋಡ್ತಾ ನೋಡ್ತಾ ನಿಧಾನಕ್ಕೆ ಗೊತ್ತಾಗುತ್ತೆ. ಹತ್ತು ಗಂಟೆಯಲ್ಲಿ ಇದನ್ನ ಕಟ್ಟೋಕೆ ಸಾಧ್ಯವೇ ಇರಲಿಲ್ಲ.

ದೂರುಗಳೂ ಇವೆ. ಊರೆಲ್ಲ ತಿರುಗೋಕೆ ಸ್ವಾತಂತ್ರ್ಯ ಕೊಡೋ ಗೇಮ್, ಮಿಷನ್ ಒಳಗೆ ಹೋದ ಕೂಡಲೇ ಹೆಡ್‌ಮಾಸ್ಟರ್ ಆಗಿಬಿಡುತ್ತೆ. ಹೇಳಿದ ದಾರಿ ಬಿಟ್ಟು ಸ್ವಲ್ಪ ಆಚೆ ಹೋದರೆ ‘ಫೇಲ್’. ಹಿಮದಲ್ಲಿ ನಡೆಯೋ ಮೊದಲ ಅಧ್ಯಾಯ ಎಳೆಯುತ್ತೆ. ಐದನೇ ಅಧ್ಯಾಯ ಬೇರೆ ಯಾವುದೋ ಗೇಮ್‌ನಿಂದ ತಂದು ಹೊಲಿದ ಹಾಗಿದೆ.

ಇನ್ನೊಂದು ಮಾತು, ಸಾಫ್ಟ್‌ವೇರ್‌ನವನಾಗಿ. ಬಿಡುಗಡೆಗೆ ಸ್ವಲ್ಪ ಮುಂಚೆ ರಾಕ್‌ಸ್ಟಾರ್‌ನ ಸಹಸ್ಥಾಪಕ ಡ್ಯಾನ್ ಹೌಸರ್ ಸಂದರ್ಶನವೊಂದರಲ್ಲಿ ವಾರಕ್ಕೆ 100 ಗಂಟೆ ದುಡಿದ ಮಾತಾಡಿ ದೊಡ್ಡ ಗಲಾಟೆಯಾಯ್ತು. ಅದು ಬರವಣಿಗೆಯ ಹಿರಿಯ ತಂಡದ ಕೆಲವರ ಮಾತು ಅಂತ ಆಮೇಲೆ ಸ್ಪಷ್ಟನೆ ಬಂತು. ವಾರಕ್ಕೆ 70 ಗಂಟೆಯ ಚರ್ಚೆ ಕೇಳಿ ಸುಸ್ತಾದ ಬೆಂಗಳೂರಿನವರು ನಾವು. ಒಂದು ಡ್ರಾಯರ್ ಎಳೆಯೋಕೂ ಅಷ್ಟು ಚಂದದ ಅನಿಮೇಶನ್ ಕಂಡಾಗ, ಇದನ್ನ ಮಾಡಿದವರು ಆವತ್ತು ಮನೆಗೆ ಎಷ್ಟು ಹೊತ್ತಿಗೆ ಹೋದರು ಅನ್ನೋ ಯೋಚನೆ ನನಗೆ ಬಂದೇ ಬಂತು. ಗೇಮ್ ಇಷ್ಟವಾಯ್ತು. ಆ ಯೋಚನೆಯೂ ಹೋಗಿಲ್ಲ.

ಸೈಬರ್‌ಪಂಕ್ 2077 (2020)

ಐಟಿ ಜನಕ್ಕೆ ಇದು ಪಠ್ಯಪುಸ್ತಕ. ಹಲವು ಸಲ ಮುಂದಕ್ಕೆ ಹೋಗಿ, 2020ರ ಡಿಸೆಂಬರ್ 10ಕ್ಕೆ ಬಂತು. ಹಳೆಯ ಕನ್ಸೋಲ್‌ಗಳಲ್ಲಿ ಎಷ್ಟು ಹದಗೆಟ್ಟಿತ್ತು ಅಂದ್ರೆ, ಸುಮಾರು ಒಂದು ವಾರದಲ್ಲೇ ಸೋನಿ ತನ್ನ ಅಂಗಡಿಯಿಂದ ಅದನ್ನ ತೆಗೆದು ದುಡ್ಡು ವಾಪಸ್ ಕೊಡೋಕೆ ನಿಂತಿತು. ಮತ್ತೆ ಅಲ್ಲಿ ಕಾಣಿಸಿಕೊಂಡಿದ್ದು 2021ರ ಜೂನ್‌ನಲ್ಲಿ. ದೊಡ್ಡ ರಿಪೇರಿಯಾದ 2.0 ಅಪ್‌ಡೇಟ್ ಬರೋಕೆ 2023ರ ಸೆಪ್ಟೆಂಬರ್ ಆಯ್ತು. ನಾನು ಆಡಿದ್ದು ಅದಾದ ಮೇಲೆ. ಹಾಗಾಗಿ ನನಗೆ ಸಿಕ್ಕಿದ್ದು ಬೆಂದ ಅನ್ನ, ಮೊದಲ ದಿನ ಕೊಂಡವರಿಗೆ ಸಿಕ್ಕಿದ್ದು ಬರೀ ನೆನೆಸಿದ ಅಕ್ಕಿ.

ನೈಟ್ ಸಿಟಿ ಅದ್ಭುತ. ಮಳೆ ಬಂದ ರಾತ್ರಿ ಸುಮ್ಮನೆ ನಡೆದಾಡಿದರೂ ಸಾಕು. ಆದರೆ ಕಥೆಗೂ ಆಟಕ್ಕೂ ಹೊಂದಾಣಿಕೆ ಇಲ್ಲ. ನಾಯಕ ‘ವಿ’ ತಲೆಯಲ್ಲೊಂದು ಚಿಪ್ ಕೂತಿದೆ, ಬದುಕೋದು ಇನ್ನು ಕೆಲವೇ ವಾರ ಅಂತ ವೈದ್ಯ ಹೇಳಿಬಿಟ್ಟಿದ್ದಾನೆ. ಅಂಥ ಮನುಷ್ಯ ಆರಾಮಾಗಿ ಹೊಸ ಕಾರ್ ಕೊಳ್ತಾ ಕೂರಬಹುದು! ಕೀಯಾನು ರೀವ್ಸ್ ಮಾಡಿರೋ ಜಾನಿ ಪಾತ್ರಕ್ಕಿಂತ ನನಗೆ ಪಾನಮ್, ಜೂಡಿಯಂಥ ಗೆಳೆಯರ ಉಪಕಥೆಗಳು ಹೆಚ್ಚು ಹಿಡಿಸಿದವು. ಅವನ್ನು ಬಿಟ್ಟು ಮುಖ್ಯ ಕಥೆ ಮಾತ್ರ ಓಡಿಸಿದರೆ ಗೇಮ್ ಅರ್ಧವೇ ಆಡಿದ ಹಾಗೆ.

ರಾಜಿ (2020)

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಅನ್ನೋ ಪುಟ್ಟ ತಂಡದ ಕೆಲಸ. ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿ ಹೊರಟ ಅಕ್ಕ ರಾಜಿ. ದುರ್ಗೆ ಮತ್ತು ವಿಷ್ಣು ಮೇಲಿನಿಂದ ನೋಡ್ತಾ ಮಾತಾಡಿಕೊಳ್ತಾ ಕಥೆ ಹೇಳ್ತಾರೆ. ಕೆಲವು ಸನ್ನಿವೇಶಗಳು ನೆರಳು-ಗೊಂಬೆಯಾಟದ ರೂಪದಲ್ಲಿ ಬರುತ್ತವೆ. ಅದನ್ನ ನೋಡಿದಾಗ ನಮ್ಮ ತೊಗಲು ಗೊಂಬೆಯಾಟ ನೆನಪಾಗದೇ ಇರಲ್ಲ.

ನಮ್ಮವರದ್ದು ಅಂತ ಹತ್ತು ಅಂಕ ಜಾಸ್ತಿ ಹಾಕಬೇಕಾ? ನಾನು ಹಾಕಲ್ಲ. ಕೋಟೆ, ಕಮಲದ ಕೊಳ, ಗೋಡೆ ಚಿತ್ರ ಎಲ್ಲ ಬಹಳ ಚಂದ. ಮಂಡಲ ಜೋಡಿಸೋ ಒಗಟುಗಳೂ ಚಂದ. ಆದರೆ ಹೊಡೆದಾಟದಲ್ಲಿ ತೂಕ ಸಾಲದು. ಐದಾರು ಗಂಟೆ ಆಡಿ, ಈಗ ಬಿಸಿ ಏರ್ತಿದೆ ಅನ್ನುವಷ್ಟರಲ್ಲಿ ತಟ್ಟನೆ ಮುಗಿಯುತ್ತೆ. ಇಂಟರ್ವಲ್‌ಗೇ ಥಿಯೇಟರ್ ಲೈಟ್ ಹಾಕಿ ಮನೆಗೆ ಕಳಿಸಿದ ಹಾಗೆ. ಗಿಡ್ಡ ಇರೋದೆಲ್ಲ ಅಚ್ಚುಕಟ್ಟಾಗೇ ಇರುತ್ತೆ ಅಂತಿಲ್ಲ ಅನ್ನೋದಕ್ಕೆ ಇದು ಸಾಕ್ಷಿ. ಆದರೂ ಆಡಿ. ನಮ್ಮ ಪುರಾಣಗಳನ್ನ ಇಟ್ಟುಕೊಂಡು ಏನೆಲ್ಲ ಮಾಡಬಹುದು ಅಂತ ಕಾಣಿಸುತ್ತೆ.

ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್ (2017)

ಸುಮಾರು ಎರಡು ಗಂಟೆ. ಒಂದು ಸಿನಿಮಾದಷ್ಟು. ಹಳೆಯ ಮನೆಗೆ ಮರಳುವ ಹುಡುಗಿ, ಸತ್ತುಹೋದ ಕುಟುಂಬದವರ ಕೋಣೆಗಳನ್ನು ಒಂದೊಂದಾಗಿ ತೆರೆಯುತ್ತಾಳೆ. ಪ್ರತಿಯೊಬ್ಬರ ಕಥೆಗೂ ಆಟದ ರೀತಿಯೇ ಬೇರೆ.

ಅದರಲ್ಲಿ ಲೂಯಿಸ್ ಅನ್ನೋ ಹುಡುಗ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಕಂಟ್ರೋಲರ್‌ನಲ್ಲಿ ನಮ್ಮ ಬಲಗೈ ಮೀನಿನ ತಲೆ ಕತ್ತರಿಸ್ತಾ ಇರಬೇಕು, ಎಡಗೈ ಅವನ ಕನಸಿನ ರಾಜ್ಯದಲ್ಲಿ ನಡೀತಾ ಇರಬೇಕು. ಮೊದಲು ಕನಸು ಪರದೆಯ ಮೂಲೆಯಲ್ಲಿ ಚಿಕ್ಕದಾಗಿರುತ್ತೆ. ಬೆಳೀತಾ ಬೆಳೀತಾ ಪರದೆಯನ್ನೇ ನುಂಗಿಬಿಡುತ್ತೆ. ಬಲಗೈ ಮಾತ್ರ ತನ್ನಷ್ಟಕ್ಕೆ ಕತ್ತರಿಸ್ತಾನೇ ಇರುತ್ತೆ. ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ, ‘ಯೆಸ್, ಶ್ಯೂರ್’ ಅಂತ ತಲೆಯಾಡಿಸ್ತಾ ಇನ್ನೆಲ್ಲೋ ಇರುವವರಿಗೆ ಇದನ್ನ ವಿವರಿಸಿ ಹೇಳಬೇಕಾಗಿಲ್ಲ. ಹತ್ತು ನಿಮಿಷವೂ ಇಲ್ಲದ ಈ ಭಾಗ ನನಗೆ ವಲ್ಹಾಲಾದ 70 ಗಂಟೆಗಿಂತ ಹೆಚ್ಚು ನೆನಪಿದೆ. ಒಂದು ಎಚ್ಚರಿಕೆ: ಸಾವಿನ ವಿಷಯ ತುಂಬಾ ಇದೆ, ಮನಸ್ಸು ಸರಿ ಇಲ್ಲದ ದಿನ ಬೇಡ.

ವೆಣ್ಬಾ (2023)

ಟೊರಾಂಟೊದ ವಿಸೈ ಗೇಮ್ಸ್ ಮಾಡಿದ್ದು. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿ, ಅವರ ಮಗ ಕವಿನ್. ಆಟ ಅಂದ್ರೆ ಅಡುಗೆ. ಅಮ್ಮ ಕೊಟ್ಟ ಹರಿದ, ಮಾಸಿದ ಅಡುಗೆ ಪುಸ್ತಕದಲ್ಲಿ ಬಿಟ್ಟುಹೋದ ಹಂತಗಳನ್ನು ನಾವೇ ಊಹಿಸಿ ಇಡ್ಲಿ, ಪುಟ್ಟು, ಬಿರಿಯಾನಿ ಮಾಡಬೇಕು. ಮಗ ಬೆಳೆದ ಹಾಗೆ ಅಮ್ಮ ತಮಿಳಲ್ಲಿ ಕೇಳಿದ್ದಕ್ಕೆ ಇಂಗ್ಲಿಷಲ್ಲಿ ಉತ್ತರ ಕೊಡೋಕೆ ಶುರು ಮಾಡ್ತಾನೆ.

ನನ್ನ ಅಕ್ಕನ ಮಗ ಅಮೆರಿಕದಲ್ಲಿ ಹುಟ್ಟಿದವನು. ವಿಡಿಯೋ ಕಾಲ್‌ನಲ್ಲಿ ಅಜ್ಜಿ ‘ಊಟ ಆಯ್ತೇನೋ ಪುಟ್ಟಾ’ ಅಂದ್ರೆ, ಅವನು ಮೊದಲು ಅವರಮ್ಮನ ಮುಖ ನೋಡ್ತಾನೆ. ರಜೆಗೆ ಬಂದಾಗ ಅಕ್ಕನಿಗೆ ಈ ಗೇಮ್ ಕೊಟ್ಟೆ. ಗೇಮ್ ಅಂದ್ರೆ ಮೂಗು ಮುರಿಯೋಳು. ಇಡ್ಲಿ ತಟ್ಟೆ ಜೋಡಿಸೋವಾಗ ‘ಹಬೆ ಎಲ್ಲಿಂದ ಹೋಗ್ಬೇಕೋ, ತಟ್ಟೆ ತಿರುಗಿಸೋ’ ಅಂತ ನನಗೇ ಬೈದಳು. ಕೊನೆಕೊನೆಗೆ ಮಾತು ನಿಲ್ಲಿಸಿದಳು. ಮುಗಿದ ಮೇಲೆ ಕೇಳಿದ್ದು ಒಂದೇ: ‘ಇದನ್ನ ನಮ್ಮ ಮನೆ ಟಿವಿಗೆ ಹಾಕೋಕಾಗುತ್ತೇನೋ? ಅವನೂ ಆಡ್ಲಿ.’

ಕೊರತೆ ಇಲ್ಲ ಅಂತಲ್ಲ. ಅಡುಗೆ ಒಗಟುಗಳು ಸುಲಭ. ವರ್ಷಗಳು ಹಾರಿಹೋಗ್ತವೆ. ಅಪ್ಪನ ಪಾತ್ರ ಇನ್ನೂ ಬೇಕಿತ್ತು. ಇನ್ನೊಂದು ಗಂಟೆ ಇದ್ದಿದ್ದರೆ ಅನ್ನಿಸಿದ್ದು ಈ ಆರರಲ್ಲಿ ಇದೊಂದಕ್ಕೇ.

ಹಾಗಾದರೆ ಯಾವುದು ಆಡಬೇಕು?

ಈ ಶನಿವಾರ ಎರಡು ಗಂಟೆ ಇದೆ, ಮನೆಯವರೂ ಪಕ್ಕದಲ್ಲಿ ಕೂರ್ತಾರೆ ಅಂದ್ರೆ ವೆಣ್ಬಾ. ಒಬ್ಬರೇ ಇದ್ದೀರಾ, ಈಡಿತ್ ಫಿಂಚ್. ಎರಡು ತಿಂಗಳು ಒಂದೇ ಕಥೆಯ ಜೊತೆ ಬದುಕೋಕೆ ರೆಡಿ ಇದ್ದರೆ ರೆಡ್ ಡೆಡ್, ಆದರೆ ಮೊದಲ ಅಧ್ಯಾಯ ದಾಟೋ ತನಕ ತಾಳ್ಮೆ ಇರಲಿ. ಸೈಬರ್‌ಪಂಕ್ ಸೇಲ್‌ನಲ್ಲಿ ಕೊಳ್ಳಿ. ರಾಜಿ ಒಂದು ವಾರಾಂತ್ಯಕ್ಕೆ ಸರಿ. ವಲ್ಹಾಲಾ ಆಗಲೇ ಅರ್ಧ ಆಡಿ ಬಿಟ್ಟಿದ್ದರೆ, ಆರಾಮಾಗಿ ಅನ್‌ಇನ್‌ಸ್ಟಾಲ್ ಮಾಡಿ. 100 ಜಿಬಿ ಹತ್ತಿರ ಜಾಗ ಖಾಲಿ ಆಗುತ್ತೆ, ವಾರಕ್ಕೆ ಆರು ಗಂಟೆಯೂ ವಾಪಸ್ ಸಿಗುತ್ತೆ.